ಗರ್ಭಕ್ರಮದ ಗಣನೆ: ಆರಾಧನೆಯ ನಾಲ್ಕು ಗಾಥೆಗಳ ಪಾಠವಿಮರ್ಶೆ

ಜೀವವು ಗರ್ಭಕ್ಕೆ ಬಂದು ನೆಲಸುವ ಬಗೆ, ಅಲ್ಲಿ ಶರೀರವು ಕ್ರಮಕ್ರಮವಾಗಿ ನಿಷ್ಪನ್ನವಾಗುವ ರೀತಿ ಇವುಗಳನ್ನು ಜೈನಾಚಾರ್ಯರು ಹಲವೆಡೆ, ಹಲವು ಉದ್ದೇಶಗಳಿಂದ ವಿವೇಚಿಸಿದ್ದಾರೆ. ತತ್ತ್ವಾರ್ಥಸೂತ್ರದ ದ್ವಿತೀಯಾಧ್ಯಾಯವು ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಜನ್ಮವನ್ನು ಮೂರು ಬಗೆಯಾಗಿ ವಿಂಗಡಿಸಿ, ಜರಾಯುಜ, ಅಂಡಜ, ಪೋತ ಜೀವಿಗಳಿಗೆ ಗರ್ಭಜನ್ಮವನ್ನು ಹೇಳುತ್ತದೆ. ಷಟ್ಖಂಡಾಗಮದ ಧವಲಾಟೀಕೆಯಲ್ಲಿ ಪರ್ಯಾಪ್ತಿಗಳ ವಿಚಾರ ಬಂದಿದೆ. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಮಾಸಮಾಸದ ಬೆಳವಣಿಗೆಯ ವರ್ಣನೆಯಿದೆ. ಶ್ವೇತಾಂಬರ ಪ್ರಕೀರ್ಣಕಗಳಲ್ಲೊಂದಾದ ತಂದುಲವೇಯಾಲಿಯವು ಇದೇ ವಿಷಯವನ್ನು ಇನ್ನೂ ವಿಸ್ತಾರವಾಗಿ ನಿರೂಪಿಸುತ್ತದೆ.

ಈ ನಿರೂಪಣೆಗಳನ್ನು ಒಂದೇ ಸಾಲಿನಲ್ಲಿಟ್ಟು, ಒಂದರ ಮಾತನ್ನು ಮತ್ತೊಂದರಿಂದ ತಿದ್ದುವ ಪ್ರವೃತ್ತಿ ಹಳೆಯದು. ಎಲ್ಲವನ್ನೂ ಆಧುನಿಕ ಗರ್ಭಶಾಸ್ತ್ರದ ಪೂರ್ವರೂಪವೆಂದು ಹೊಗಳುವ ಪ್ರವೃತ್ತಿ ಹೊಸದು. ಎರಡೂ ಗ್ರಂಥಗಳ ಗೌರವವನ್ನು ಹೆಚ್ಚಿಸಬೇಕೆಂಬ ಸದ್ಭಾವದಿಂದಲೇ ಹುಟ್ಟಿದರೂ ಎರಡರಿಂದಲೂ ಮೂಲಪಾಠಕ್ಕೆ ಹಾನಿಯೇ ಆಗುತ್ತದೆ. ಆರಾಧನೆಯ ನಾಲ್ಕು ಗಾಥೆಗಳ ಪರಿಶೀಲನೆಯಿಂದ ಈ ಮಾತು ಸ್ಪಷ್ಟವಾಗುವುದು.

ಆರಾಧನೆಯು ಎರಡು ಸಾವಿರಕ್ಕೂ ಮಿಕ್ಕ ಪ್ರಾಕೃತ ಗಾಥೆಗಳ ಗ್ರಂಥ. ದರ್ಶನ, ಜ್ಞಾನ, ಚಾರಿತ್ರ, ತಪಸ್ಸುಗಳೆಂಬ ನಾಲ್ಕು ಆರಾಧನೆಗಳೂ ಸಮಾಧಿಮರಣವೂ ಅದರ ಪ್ರತಿಪಾದ್ಯ. ಕನ್ನಡಿಗರಿಗೆ ಇದರ ಪರಿಚಯ ಹೆಚ್ಚಾಗಿ ವಡ್ಡಾರಾಧನೆಯ ಮೂಲಕ ಆದುದು. ಅಲ್ಲಿಯ ಹತ್ತೊಂಬತ್ತು ಕಥೆಗಳು ಆರಾಧನೆಯ ಗಾಥೆಗಳನ್ನೇ ಆಶ್ರಯಿಸಿ ನಿಂತಿವೆ. ಮೂಲಕ್ಕೆ ಅಪರಾಜಿತಸೂರಿಯ ವಿಜಯೋದಯಾ ಟೀಕೆಯೂ ಆಶಾಧರರ ಮೂಲಾರಾಧನಾದರ್ಪಣವೂ ಅಮಿತಗತಿಯ ಸಂಸ್ಕೃತ ಪದ್ಯಾನುವಾದವೂ ಇವೆ. ಇವೆಲ್ಲವೂ ಒಟ್ಟಾಗಿ 1935ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದವು.

ಪ್ರಕೃತ ಗಾಥೆಗಳು ಬರುವ ಸಂದರ್ಭವನ್ನು ಮೊದಲು ಗಮನಿಸಬೇಕು. ಬ್ರಹ್ಮಚರ್ಯವ್ರತದ ದೃಢತೆಗಾಗಿ ದೇಹದ ಅಶುಚಿತ್ವವನ್ನು ಕಾಣಿಸುವ ಪ್ರಕರಣವಿದು. ದೇಹದ ಬೀಜ, ನಿಷ್ಪತ್ತಿ, ಕ್ಷೇತ್ರ, ಆಹಾರ, ಜನ್ಮ, ವೃದ್ಧಿ, ಅವಯವ, ನಿರ್ಗಮ, ಅಶುಚಿ, ವ್ಯಾಧಿ, ಅಧ್ರುವತೆ ಎಂದು ನೋಡಬೇಕಾದ ಅಂಶಗಳನ್ನು ಶಿವಾರ್ಯರು ಮೊದಲೇ ಎಣಿಸಿಕೊಂಡು, ಅನಂತರ ಒಂದೊಂದನ್ನಾಗಿ ವಿವರಿಸುತ್ತಾರೆ. ಗರ್ಭಕ್ರಮವು ಎರಡನೆಯದಾದ ‘ನಿಷ್ಪತ್ತಿ’ಯ ವಿವರಣೆ. ಮೊದಲ ಹತ್ತು ರಾತ್ರಿ ಕಲಲ, ಮುಂದಿನ ಹತ್ತು ರಾತ್ರಿ ಕಲುಷ, ಅದರ ಮುಂದಿನ ಹತ್ತು ರಾತ್ರಿ ಸ್ಥಿರ. ಹೀಗೆ ಒಂದು ಮಾಸ. ಎರಡನೆಯ ಮಾಸದಲ್ಲಿ ಬುಬ್ಬುದ, ಮೂರನೆಯದರಲ್ಲಿ ಘನ, ನಾಲ್ಕನೆಯದರಲ್ಲಿ ಮಾಂಸಪೇಶಿ. ಐದನೆಯದರಲ್ಲಿ ಕೈಗಳೆರಡು, ಕಾಲುಗಳೆರಡು, ತಲೆಯೊಂದು ಎಂದು ಐದು ಪುಲಕಗಳು, ಎಂದರೆ ಮೊಳಕೆಗಳು. ಆರನೆಯದರಲ್ಲಿ ಅಂಗೋಪಾಂಗಗಳು, ಏಳನೆಯದರಲ್ಲಿ ಚರ್ಮ, ನಖ, ರೋಮಗಳು, ಎಂಟನೆಯದರಲ್ಲಿ ಸ್ಪಂದನ, ಒಂಬತ್ತು ಅಥವಾ ಹತ್ತನೆಯದರಲ್ಲಿ ನಿರ್ಗಮನ.

ಈ ಕ್ರಮವನ್ನು ಇತರ ಪಟ್ಟಿಗಳೊಡನೆ ಹೋಲಿಸಿದರೆ ಭೇದಗಳು ಎದ್ದು ಕಾಣುತ್ತವೆ. ತಂದುಲವೇಯಾಲಿಯವು ಏಳು ದಿನ ಕಲಲ, ಏಳು ದಿನ ಅಬ್ಬುದ, ಅಬ್ಬುದದಿಂದ ಪೇಶಿ, ಪೇಶಿಯಿಂದ ಘನ ಎನ್ನುತ್ತದೆ. ಬೌದ್ಧರ ಸಂಯುತ್ತನಿಕಾಯದಲ್ಲಿಯೂ ಕಲಲ, ಅಬ್ಬುದ, ಪೇಶಿ, ಘನ ಎಂಬ ಅನುಕ್ರಮವೇ ಇದೆ. ಸುಶ್ರುತಸಂಹಿತೆಯ ಶಾರೀರಸ್ಥಾನವು ಮೊದಲ ಮಾಸದಲ್ಲಿ ಕಲಲವನ್ನು ಹೇಳಿ, ಕೈಕಾಲು ತಲೆಗಳ ಐದು ಪಿಂಡಗಳನ್ನು ಮೂರನೆಯ ಮಾಸದಲ್ಲಿಯೇ ಇಡುತ್ತದೆ. ಗರ್ಭೋಪನಿಷತ್ತು ಒಂದು ರಾತ್ರಿಗೆ ಕಲಲವನ್ನೂ ಏಳು ರಾತ್ರಿಗೆ ಬುದ್ಬುದವನ್ನೂ ಹೇಳುತ್ತದೆ. ಆರಾಧನೆಯಲ್ಲಿ ಅಬ್ಬುದದ ಸ್ಥಾನದಲ್ಲಿ ಬುಬ್ಬುದವಿದೆ. ಘನವು ಪೇಶಿಯ ಹಿಂದೆ ಬಂದಿದೆ. ಕಲಲದ ಬಳಿಕ ಕಲುಷ, ಸ್ಥಿರ ಎಂಬ ಎರಡು ಅವಸ್ಥೆಗಳು ಹೆಚ್ಚಾಗಿವೆ.

ಹೀಗಿರಲಾಗಿ, ‘ಬುಬ್ಬುದ’ವು ‘ಅಬ್ಬುದ’ದ ಅಪಪಾಠವಾಗಿರಬೇಕೆಂದೂ ಘನ ಮತ್ತು ಪೇಶಿಗಳು ಲಿಪಿಕಾರನ ಪ್ರಮಾದದಿಂದ ಸ್ಥಾನಪಲ್ಲಟಗೊಂಡಿರಬೇಕೆಂದೂ ಊಹಿಸಲು ಅವಕಾಶವಿದೆ. ಈ ಊಹೆ ಮೇಲ್ನೋಟಕ್ಕೆ ಸಮಂಜಸವಾಗಿಯೇ ತೋರುತ್ತದೆ. ಎರಡು ಶಬ್ದಗಳೂ ನಾಲ್ಕು ಮಾತ್ರೆಯವು. ಒಂದರ ಎಡೆಯಲ್ಲಿ ಇನ್ನೊಂದನ್ನಿಟ್ಟರೆ ಛಂದಸ್ಸು ತಡೆಯುವುದಿಲ್ಲ. ಹಳಗನ್ನಡ ಲಿಪಿಯ ತಾಡವೋಲೆಗಳಲ್ಲಿ ಪ್ರಾಕೃತದ ದ್ವಿತ್ವವನ್ನು ಅಕ್ಷರದ ಹಿಂದೆ ಸೊನ್ನೆಯಿಟ್ಟು ಸೂಚಿಸುವ ರೂಢಿಯಿರುವುದರಿಂದ, ಎರಡೂ ಶಬ್ದಗಳ ಉತ್ತರಭಾಗ ಓಲೆಯ ಮೇಲೆ ಒಂದೇ ರೂಪದಲ್ಲಿರುತ್ತದೆ. ಭೇದವಿರುವುದು ಆದ್ಯಕ್ಷರವೊಂದರಲ್ಲಿ ಮಾತ್ರ.

ಆದರೆ ಛಂದಸ್ಸು ತಡೆಯದು ಎಂಬುದು ತಿದ್ದುಪಡಿಗೆ ಅನುಮತಿಯಲ್ಲ. ಛಂದಸ್ಸು ಮೌನವಾಗಿರುವ ಎಡೆಯಲ್ಲಿ ಅರ್ಥವನ್ನೂ ಪ್ರಕರಣವನ್ನೂ ಕೇಳಬೇಕು. ಬುದ್ಬುದವು ಗರ್ಭಾವಸ್ಥೆಯ ಹೆಸರಾಗಿ ಗರ್ಭೋಪನಿಷತ್ತಿನಲ್ಲಿ ಸ್ವತಂತ್ರವಾಗಿಯೇ ದೊರೆಯುವುದರಿಂದ ಅದು ಲಿಪಿಕಾರನ ಕಲ್ಪನೆಯಲ್ಲ. ಅರ್ಬುದವೆಂದರೆ ಗಂಟು, ಬುದ್ಬುದವೆಂದರೆ ನೀರ ಗುಳ್ಳೆ. ಬಾಳಿನ ಅನಿತ್ಯತೆಗೆ ನೀರ ಗುಳ್ಳೆಯ ಉಪಮೆ ಅನುಪ್ರೇಕ್ಷಾ ಸಾಹಿತ್ಯದಲ್ಲಿ ಸರ್ವಪರಿಚಿತವಾದುದು. ಅಧ್ರುವತೆಯಲ್ಲಿ ಮುಗಿಯಬೇಕಾದ ಪ್ರಕರಣದಲ್ಲಿ ದೇಹವು ತನ್ನ ಎರಡನೆಯ ಮಾಸದಲ್ಲಿಯೇ ಗುಳ್ಳೆಯೆನಿಸಿಕೊಳ್ಳುವುದು ಪ್ರಕರಣಕ್ಕೆ ಒಪ್ಪುತ್ತದೆ. ಕ್ರಮದಲ್ಲಿಯೂ ಆಂತರಿಕ ಸಂಗತಿಯಿದೆ. ಕಲಲವು ಕಲಕಿ, ನಿಂತು, ಉಬ್ಬಿ, ಗಟ್ಟಿಯಾಗಿ, ಬಳಿಕ ಮಾಂಸವಾಗುತ್ತದೆ. ಇಲ್ಲಿ ಘನವು ಪೇಶಿಯ ಪೂರ್ವಸ್ಥಿತಿ. ಇದನ್ನು ತಂದುಲವೇಯಾಲಿಯದ ಕ್ರಮಕ್ಕೆ ಹೊಂದಿಸಿದರೆ ಪಾಠವು ಶುದ್ಧವಾಗುವುದಿಲ್ಲ. ಎರಡು ಸಾಕ್ಷಿಗಳಿದ್ದ ಎಡೆಯಲ್ಲಿ ಒಂದು ಅಳಿಯುತ್ತದೆ, ಅಷ್ಟೆ.

ಪಾಠಕ್ಕಿಂತ ಮಿಗಿಲಾದ ಪ್ರಶ್ನೆ ಅರ್ಥದ್ದು. ಎಂಟನೆಯ ಮಾಸದಲ್ಲಿ ಸ್ಪಂದನ ಎಂಬ ಮಾತನ್ನು ಹಿಡಿದು, ಗರ್ಭಕ್ಕೆ ಜೀವ ಬರುವುದು ಆಗಲೇ ಎಂದು ಅರ್ಥಮಾಡಲು ಎಡೆಯಿದೆ. ಗರ್ಭಸ್ಥ ಜೀವದ ಹಿಂಸೆಯ ಪ್ರಶ್ನೆ ಶ್ರಾವಕರ ಮನೆಯಂಗಳಕ್ಕೇ ಬಂದಿರುವ ಈ ಕಾಲದಲ್ಲಿ ಇಂತಹ ಅರ್ಥವು ಕೇವಲ ಪಂಡಿತಗೋಷ್ಠಿಯ ಚರ್ಚೆಯಾಗಿ ಉಳಿಯುವುದಿಲ್ಲ. ಆದುದರಿಂದ ಗಾಥೆಯ ಕರ್ತೃಪದ ಯಾವುದೆಂದು ನೋಡಬೇಕು. ಹತ್ತು ಹತ್ತು ರಾತ್ರಿ ಇರುವುದು ‘ಬೀಯ’, ಎಂದರೆ ಬೀಜ. ಹಿಂದಿನ ದ್ವಾರದಲ್ಲಿ ಹೇಳಿದ ಶುಕ್ರಶೋಣಿತರೂಪವಾದ ದೇಹಬೀಜ. ಜೀವವು ಇಲ್ಲಿ ಕರ್ತೃವಲ್ಲ. ಶಿವಾರ್ಯರು ಎಣಿಸುತ್ತಿರುವುದು ಪುದ್ಗಲದ ಪರಿಣಾಮವನ್ನು, ಜೀವದ ಆಗಮನವನ್ನಲ್ಲ.

ಜೀವದ ಆಗಮನಕ್ಕೆ ಸಿದ್ಧಾಂತದಲ್ಲಿ ಬೇರೆಯೇ ಗಣನೆಯಿದೆ. ಪೂರ್ವಶರೀರವನ್ನು ಬಿಟ್ಟ ಜೀವವು ವಿಗ್ರಹಗತಿಯಲ್ಲಿ ಹೆಚ್ಚೆಂದರೆ ಮೂರು ಸಮಯ ಅನಾಹಾರಕವಾಗಿದ್ದು, ಜನ್ಮಸ್ಥಾನವನ್ನು ಸೇರಿದೊಡನೆ ಆಹಾರಕವಾಗುತ್ತದೆ. ಆಹಾರ, ಶರೀರ, ಇಂದ್ರಿಯ, ಆನಪಾನ, ಭಾಷಾ, ಮನಃ ಎಂಬ ಆರು ಪರ್ಯಾಪ್ತಿಗಳು ಒಟ್ಟಿಗೆ ಆರಂಭವಾಗಿ, ಒಂದಾದ ಮೇಲೊಂದರಂತೆ ಅಂತರ್ಮುಹೂರ್ತದೊಳಗೆ ಪೂರ್ಣಗೊಳ್ಳುತ್ತವೆ. ಮುಹೂರ್ತವೆಂದರೆ 48 ನಿಮಿಷ. ಅಂತರ್ಮುಹೂರ್ತ ಅದಕ್ಕೂ ಕಡಿಮೆ. ಇಂದ್ರಿಯಪರ್ಯಾಪ್ತಿ ಅಷ್ಟರಲ್ಲಿಯೇ ಮುಗಿದರೆ, ಅಂಗೋಪಾಂಗಗಳಿಗೆ ಆರನೆಯ ಮಾಸದವರೆಗೆ ಏಕೆ ಕಾಯಬೇಕು? ಆರಾಧನೆಗೂ ಸಿದ್ಧಾಂತಕ್ಕೂ ಇಲ್ಲಿ ವಿರೋಧವಿಲ್ಲವೆ?

ಈ ಶಂಕೆಗೆ ಸಮಾಧಾನವು ವೀರಸೇನಾಚಾರ್ಯರಲ್ಲಿ ದೊರೆಯುತ್ತದೆ. ಪರ್ಯಾಪ್ತಿಯೆಂದರೆ ಶಕ್ತಿಯ ನಿಷ್ಪತ್ತಿ, ಅವಯವದ ನಿಷ್ಪತ್ತಿಯಲ್ಲ. ಇಂದ್ರಿಯಪರ್ಯಾಪ್ತಿ ಪೂರ್ಣವಾದ ಕ್ಷಣದಲ್ಲಿಯೇ ಬಾಹ್ಯಾರ್ಥದ ಜ್ಞಾನ ಹುಟ್ಟುವುದಿಲ್ಲ, ಏಕೆಂದರೆ ಅದರ ಉಪಕರಣ ಆಗ ಇರುವುದಿಲ್ಲ ಎಂದು ಧವಲಾದ ಮೊದಲ ಭಾಗದಲ್ಲಿ ಅವರು ಸ್ಪಷ್ಟಪಡಿಸಿದ್ದಾರೆ. ಕಣ್ಣನ್ನು ಕಟ್ಟಿಕೊಳ್ಳುವ ಸಾಮರ್ಥ್ಯಕ್ಕೆ ಅಂತರ್ಮುಹೂರ್ತ ಸಾಕು. ಕಣ್ಣಿಗೆ ಮಾಸಗಳು ಬೇಕು. ಸಿದ್ಧಾಂತವು ಮೊದಲನೆಯದನ್ನು ಎಣಿಸಿತು, ಆರಾಧನೆಯು ಎರಡನೆಯದನ್ನು. ಆದಕಾರಣ ಎಂಟನೆಯ ಮಾಸದ ಸ್ಪಂದನವು ಮೊದಲೇ ಇದ್ದ ಜೀವದ ದೇಹದಲ್ಲಿ ತೋರುವ ಚಲನೆಯೇ ಹೊರತು ಜೀವೋತ್ಪತ್ತಿಯಲ್ಲ. ಎಂಟನೆಯ ಮಾಸಕ್ಕೆ ಮೊದಲು ಗರ್ಭವು ನಿರ್ಜೀವವೆಂಬ ಅರ್ಥಕ್ಕೆ ಈ ಗಾಥೆಯಲ್ಲಿ ಯಾವ ಆಧಾರವೂ ಇಲ್ಲ.

ಸಂಖ್ಯೆಯೊಂದನ್ನು ಎಲ್ಲಿಂದ ಎಣಿಸಬೇಕು ಎಂಬ ವಿಷಯದಲ್ಲಿ ವೀರಸೇನರೇ ಒಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದ್ದಾರೆ. ಮನುಷ್ಯನು ಎಂಟು ವರ್ಷ ತುಂಬಿದ ಮೇಲೆ ಸಂಯಮಗ್ರಹಣಕ್ಕೆ ಯೋಗ್ಯನಾಗುತ್ತಾನೆ. ವೇದನಾಖಂಡದ ಸೂತ್ರದಲ್ಲಿ ಈ ಎಂಟು ವರ್ಷಗಳನ್ನು ಹೇಳುವಾಗ ಯೋನಿನಿಷ್ಕ್ರಮಣರೂಪವಾದ ಜನ್ಮದ ಉಲ್ಲೇಖವಿದೆ. ಗರ್ಭಕ್ಕೆ ಬಿದ್ದ ಪ್ರಥಮ ಸಮಯದಿಂದಲೇ ಎಂಟು ವರ್ಷಗಳನ್ನು ಎಣಿಸಬೇಕೆಂದು ಕೆಲವರು ಹೇಳುತ್ತಾರೆಂದು ವೀರಸೇನರು ತಿಳಿಸಿ, ಅದು ಹೊಂದುವುದಿಲ್ಲವೆಂದು ನಿರಾಕರಿಸುತ್ತಾರೆ. ಹಾಗೆ ಎಣಿಸಿದರೆ ಸೂತ್ರದಲ್ಲಿರುವ ‘ನಿಷ್ಕ್ರಮಣ’ ಶಬ್ದಕ್ಕೆ ಗತಿಯಿಲ್ಲ ಎಂಬುದೇ ಅವರ ಯುಕ್ತಿ. ಇಲ್ಲಿ ಗಮನಿಸತಕ್ಕದ್ದು ಅವರ ವಿಧಾನ. ಅನ್ಯಮತವನ್ನು ಅವರು ಮುಚ್ಚಿಡಲಿಲ್ಲ. ಸೂತ್ರದ ಶಬ್ದವನ್ನು ಬದಲಿಸಲಿಲ್ಲ. ಶಬ್ದವು ಎಲ್ಲಿಂದ ಎಣಿಸು ಎನ್ನುತ್ತದೆಯೋ ಅಲ್ಲಿಂದಲೇ ಎಣಿಸಿದರು. ಅವರ ಶಿಷ್ಯರಾದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಗರ್ಭಾನ್ವಯಕ್ರಿಯೆಗಳನ್ನು ಹೇಳುತ್ತಾ ಮೂರನೆಯ ಮಾಸಕ್ಕೆ ಪ್ರೀತಿ, ಐದನೆಯದಕ್ಕೆ ಸುಪ್ರೀತಿ, ಏಳನೆಯದಕ್ಕೆ ಧೃತಿ, ಒಂಬತ್ತನೆಯದಕ್ಕೆ ಮೋದ ಎಂಬ ಕ್ರಿಯೆಗಳನ್ನು ವಿಧಿಸಿದರು. ಯತಿಗೆ ವೈರಾಗ್ಯಕಾರಣವಾದ ಮಾಸಗಳೇ ಗೃಹಸ್ಥನಿಗೆ ಸಂಸ್ಕಾರಕಾರಣವಾದವು. ಗುರುವಿನ ಅಂತರ್ಮುಹೂರ್ತವೂ ಶಿಷ್ಯರ ಮಾಸವೂ ಪರಸ್ಪರ ಬಾಧಕಗಳೆಂದು ಯಾರೂ ಹೇಳಲಾರರು, ಪ್ರಯೋಜನಗಳು ಬೇರೆ.

ಇನ್ನು ಆಧುನಿಕ ವಿಜ್ಞಾನದೊಡನೆ ಸಾಮ್ಯವನ್ನು ಹೇಳುವ ಬಗೆ. ಮಾನವ ಭ್ರೂಣದ ಹೃದಯವು ನಿಷೇಚನದ ಬಳಿಕ ಸುಮಾರು 22ನೆಯ ದಿನಕ್ಕೆ ಮಿಡಿಯತೊಡಗುತ್ತದೆ. ನಾಲ್ಕನೆಯ ವಾರದಲ್ಲಿ ಕೈಕಾಲುಗಳ ಮೊಳಕೆಗಳು ತೋರತೊಡಗುತ್ತವೆ. ಎಂಟನೆಯ ವಾರದ ಕೊನೆಗೆ ಮುಖ್ಯ ಅವಯವಗಳೆಲ್ಲ ರೂಪುಗೊಳ್ಳಲಾರಂಭಿಸಿರುತ್ತವೆ. ತಾಯಿಗೆ ಶಿಶುವಿನ ಚಲನೆ ಸಾಮಾನ್ಯವಾಗಿ 16ರಿಂದ 20 ವಾರಗಳೊಳಗೆ ತಿಳಿಯುತ್ತದೆ. ಐದನೆಯ ಮಾಸದ ಪುಲಕಗಳೂ ಎಂಟನೆಯ ಮಾಸದ ಸ್ಪಂದನವೂ ಇದಕ್ಕೆ ಹೊಂದುವುದಿಲ್ಲ. ತಂದುಲವೇಯಾಲಿಯವು ಗರ್ಭವಾಸಕ್ಕೆ ಹೇಳುವ 277½ ಅಹೋರಾತ್ರಗಳು ವೈದ್ಯರ 280 ದಿನಗಳಿಗೆ ಸಮೀಪವಾಗಿವೆ, ನಿಜ. ಆದರೆ ವೈದ್ಯರು 280ನ್ನು ಎಣಿಸುವುದು ಕೊನೆಯ ಋತುಸ್ರಾವದ ಮೊದಲ ದಿನದಿಂದ. ನಿಷೇಚನದಿಂದ ಎಣಿಸಿದರೆ ಸುಮಾರು 266 ದಿನಗಳಾಗುತ್ತವೆ. ಪ್ರಕೀರ್ಣಕದ ಎಣಿಕೆ ಜೀವವು ಗರ್ಭಕ್ಕೆ ಬಂದಂದಿನಿಂದ. ಆರಂಭಬಿಂದುವನ್ನು ಲೆಕ್ಕಿಸದ ಈ ಸಾಮ್ಯವನ್ನು ವೀರಸೇನರು ಒಪ್ಪುತ್ತಿರಲಿಲ್ಲವೆಂಬುದು ಅವರ ಮೇಲಿನ ಯುಕ್ತಿಯಿಂದಲೇ ಸಿದ್ಧ. ಸಸ್ತನಿಗಳ ಅಂಡಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ವರದಿ ಮಾಡಿದುದು 1827ರಲ್ಲಿ. ಅದನ್ನು ಶಿವಾರ್ಯರ ಬಾಯಿಂದ ಹೇಳಿಸುವುದು ಭಕ್ತಿಯಲ್ಲ.

ಸಾಮ್ಯವಿಲ್ಲವೆಂದ ಮಾತ್ರಕ್ಕೆ ಗಾಥೆಗಳಿಗೆ ಕುಂದಿಲ್ಲ. ಅವು ವೈದ್ಯನಿಗಾಗಿ ರಚಿತವಾದುವಲ್ಲ. ವೈದ್ಯನಿಗಾಗಿ ಬರೆಯಬೇಕಾದಾಗ ಜೈನಾಚಾರ್ಯರು ಬೇರೆಯಾಗಿಯೇ ಬರೆದರು. ಉಗ್ರಾದಿತ್ಯರ ಕಲ್ಯಾಣಕಾರಕವು ಅದಕ್ಕೆ ನಿದರ್ಶನ. ಸಲ್ಲೇಖನೆಯನ್ನು ಕೈಕೊಂಡ ಕ್ಷಪಕನು ತಾನು ಬಿಡಲಿರುವ ದೇಹವು ಹೇಗೆ ಕೂಡಿಬಂದಿತೆಂದು ನೆನೆಯುವುದಕ್ಕೆ ಆರಾಧನೆಯ ಮಾಸಗಣನೆ ಒದಗುತ್ತದೆ. ಕಲಲದಿಂದ ತೊಡಗಿ ಕಟ್ಟಿಕೊಂಡದ್ದು ಕಳಚಿಹೋಗುವುದು ಸಹಜ ಎಂಬ ತಿಳಿವಳಿಕೆಗೆ ಆ ಎಣಿಕೆ ಸಾಕು.

ಮುಂದೆ ಆರಾಧನೆಯ ತಾಡವೋಲೆಗಳನ್ನು ಸಂವಾದಿಸಿ ಪಾಠವನ್ನು ನಿರ್ಣಯಿಸುವವರು ಬುಬ್ಬುದವನ್ನು ಬುಬ್ಬುದವಾಗಿಯೇ, ಘನವನ್ನು ಪೇಶಿಯ ಹಿಂದೆಯೇ ಉಳಿಸಿ, ಇತರ ಗ್ರಂಥಗಳ ಭೇದವನ್ನು ಅಡಿಯಲ್ಲಿ ತೋರಿಸುವುದು ಯುಕ್ತ. ವ್ಯಾಖ್ಯಾನಿಸುವವರು ಮಾಸಗಣನೆಯ ಪಕ್ಕದಲ್ಲಿಯೇ ಅಂತರ್ಮುಹೂರ್ತದ ಗಣನೆಯನ್ನೂ ಹೇಳುವುದು ಅವಶ್ಯ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ, ದೇಹದ ಕಥೆಯನ್ನು ಕೇಳಿದವನು ಅದನ್ನೇ ಜೀವದ ಕಥೆಯೆಂದು ತಿಳಿದು ಎದ್ದುಹೋಗುವ ಅಪಾಯವಿದೆ.