ಮೊಟ್ಟೆ, ತುಪ್ಪ ಮತ್ತು ಕಾಡಿನ ಹಕ್ಕು

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಜನಕ್ಕೆ ಯಾರೂ ತುಪ್ಪದ ಪೊಟ್ಟಣ ಹಂಚಿ ಸುಮ್ಮನಾಗಲಿಲ್ಲ. ಇಕ್ಕಟ್ಟಿನ ವಸತಿಯೇ ರೋಗದ ಬೇರು ಎಂದು ಆಡಳಿತಕ್ಕೆ ಮನವರಿಕೆಯಾಯಿತು. ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆ, ಗಾಳಿ ಬೆಳಕಿನ ನಿವೇಶನಗಳೊಂದಿಗೆ ಬೆಳೆದವು. ಅದೇ ತಿಳಿವಳಿಕೆ ಕಾಡಿನ ಬುಡಕಟ್ಟಾದ ಜೇನು ಕುರುಬರ ಹಾಡಿ ಮುಟ್ಟುವಷ್ಟರಲ್ಲಿ ಮೊಟ್ಟೆ, ಬೇಳೆ, ಬೆಲ್ಲ, ತುಪ್ಪದ ಚೀಲವಾಗಿ ಕುಗ್ಗಿದೆ. ಇಂಥ ಬುಡಕಟ್ಟುಗಳಿಗೆ ಆ ಚೀಲ ಹಂಚುವ ರಾಜ್ಯ ಸರ್ಕಾರದ ಪೌಷ್ಟಿಕ ಆಹಾರ ಯೋಜನೆಯ ದೋಷ ಇರುವುದು ಆ ಚೀಲದೊಳಗಲ್ಲ, ರೋಗನಿದಾನದಲ್ಲಿ. ನಾಗರಹೊಳೆ ಕಾಡಿನಿಂದ 3,418 ಬುಡಕಟ್ಟು ಕುಟುಂಬಗಳು ಹೊರಬಿದ್ದವೆಂದು ಹೈಕೋರ್ಟ್ ನೇಮಿಸಿದ ಮುಜಾಫರ್ ಅಸಾದಿ ಸಮಿತಿ ಗುರುತಿಸಿತು. ಕಾಡುಗೆಣಸು, ಸೊಪ್ಪು, ಜೇನು ಕೈತಪ್ಪಿ ಕಾಫಿ ತೋಟದ ಕೂಲಿಯೇ ಗತಿಯಾದ ಮನೆಯಲ್ಲಿ ಅಪೌಷ್ಟಿಕತೆ ಆಕಸ್ಮಿಕವಲ್ಲ.

ಹಸಿದ ಮಗು ಕಾಡಿನ ಹಕ್ಕುಪತ್ರ ಬರುವತನಕ ಕಾಯಬೇಕೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ, ಚೀಲ ನಿಲ್ಲಬಾರದು. ಆದರೆ ಚೀಲ ಕೊಟ್ಟೆವೆಂಬ ಸಮಾಧಾನದಲ್ಲಿ ಭೂಮಿಯ ಅರ್ಜಿ ಕಡತದಲ್ಲೇ ಮಲಗಬಾರದು. ಇನ್ನೂ ಗಟ್ಟಿಯಾದ ಆಕ್ಷೇಪ ಕುಡಗೋಲು ಕಣ ರಕ್ತಹೀನತೆಯದು (ಸಿಕಲ್ ಸೆಲ್): ಅದು ವಂಶವಾಹಿಯಿಂದ ಬರುವ ಕಾಯಿಲೆ, ಕಾಡಿನ ಹಕ್ಕು ಅದನ್ನು ಹೇಗೆ ತಡೆದೀತು? ತಡೆಯದು, ನಿಜ. ಅದರ ವಿರುದ್ಧ 2023ರಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ ರಕ್ತ ಪರೀಕ್ಷೆಗೆ ಒತ್ತು ಕೊಟ್ಟದ್ದೂ ಸರಿಯೇ. ಆದರೆ ಈ ಕಾಯಿಲೆಯವರಲ್ಲಿ ನೋವು ಉಲ್ಬಣಿಸುವುದು ಹೆಚ್ಚಾಗಿ ಸೋಂಕು, ಚಳಿ, ದೇಹದಲ್ಲಿ ನೀರಿನ ಕೊರತೆಯಿಂದ. ಸೋರುವ ಗುಡಿಸಲು, ದೂರದ ನೀರು, ಅದಕ್ಕೂ ದೂರದ ಆಸ್ಪತ್ರೆ ಇರುವಲ್ಲಿ ಪರೀಕ್ಷೆಯ ಚೀಟಿ ರೋಗದ ಹೆಸರನ್ನಷ್ಟೇ ಹೇಳುತ್ತದೆ. ಹುಟ್ಟಿನಿಂದ ಬಂದದ್ದನ್ನೂ ಬದುಕಿನ ಸ್ಥಿತಿ ಹೀಗೆ ಹಿಗ್ಗಿಸುತ್ತದೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಇದಕ್ಕೊಂದು ಬೇರೆ ದಾರಿ ಕಾಣುತ್ತದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಔಷಧದ ಜೊತೆಗೆ ಶಾಲೆಯನ್ನೂ ದುಡಿಮೆಯನ್ನೂ ಅಲ್ಲಿನ ಸೋಲಿಗ ಬುಡಕಟ್ಟಿನ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ತಂದಿತು. ಸಂಸ್ಥೆಯನ್ನು ಹೊಗಳಿ ಮುಗಿಸುವುದು ಸುಲಭ. ಆದರೆ ಕಾಡಿನ ಮೇಲಿನ ಅಧಿಕಾರ ಕೊಡುವುದು ಅದರ ಕೈಯಲ್ಲಿರಲಿಲ್ಲ. ಜೇನು, ನೆಲ್ಲಿ, ಪಾಚಿ ಸಂಗ್ರಹಿಸುವ ಸಮುದಾಯದ ಹಕ್ಕನ್ನು ಹುಲಿ ಅಭಯಾರಣ್ಯದೊಳಗೇ ಸೋಲಿಗರು ಪಡೆದದ್ದು 2011ರಲ್ಲಿ, ಆ ಕೇಂದ್ರ ಶುರುವಾಗಿ ಮೂವತ್ತು ವರ್ಷ ಕಳೆದ ಮೇಲೆ.