‘ವೆರಿ’ ಎಂಬ ಸಾಕ್ಷಿ

ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ಹಳೆಯ ಕಾಗದದ ನಕಲು ಇದೆ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿಗೆ ಹೋಗಿ ಓದಬೇಕೆಂದಿದ್ದ ಶಿಷ್ಯನೊಬ್ಬನಿಗೆ ಬರೆದುಕೊಟ್ಟ ಶಿಫಾರಸು ಅದು. ಹುಡುಗ ನಿಜವಾಗಿ ಬುದ್ಧಿವಂತ. ಅವನ ಕಾವ್ಯಜ್ಞಾನ ‘ಕ್ವೈಟ್ ಗುಡ್’ ಎಂದು ಬರೆದು, ಗಾಂಭೀರ್ಯವೂ ಉಳಿಯಿತು, ಹೊಗಳಿದಂತೆಯೂ ಆಯಿತು ಎಂದು ಸಂತೋಷಪಟ್ಟಿದ್ದೆ. ಅವನಿಗೆ ಸೀಟು ಸಿಗಲಿಲ್ಲ. ಕೆಲವು ವರ್ಷಗಳ ಮೇಲೆ, ನಮ್ಮಲ್ಲಿಗೆ ಬಂದಿದ್ದ ಇಂಗ್ಲಿಷ್ ಅಧ್ಯಾಪಕರೊಬ್ಬರಿಗೆ ಈ ನಕಲನ್ನು ತೋರಿಸಿದೆ. ಅವರು ಸಂಕೋಚದಿಂದಲೇ ತಿಳಿಸಿದರು: ಅವರ ಕಡೆಯ ಓದುಗನಿಗೆ ಆ ಮಾತು ‘ಪರವಾಗಿಲ್ಲ’ ಎಂದಷ್ಟೇ ಕೇಳಿಸುತ್ತದಂತೆ.

‘ಕ್ವೈಟ್’ ಎರಡು ನಾಲಗೆಯ ಪದ. ‘ಇಂಪಾಸಿಬಲ್’, ‘ಪರ್ಫೆಕ್ಟ್’ ಮುಂತಾದ, ಹೆಚ್ಚುಕಡಿಮೆಗೆ ಎಡೆಯಿಲ್ಲದ ಗುಣವಾಚಕಗಳ ಮುಂದೆ ನಿಂತರೆ ‘ಸಂಪೂರ್ಣವಾಗಿ’ ಎಂದು ಅರ್ಥ. ‘ಗುಡ್’, ‘ಕ್ಲೆವರ್’ ಮುಂತಾದ, ಮೆಟ್ಟಿಲು ಮೆಟ್ಟಿಲಾಗಿ ಏರಬಲ್ಲ ಗುಣಗಳ ಮುಂದೆ ನಿಂತರೆ, ಬ್ರಿಟಿಷರಲ್ಲಿ ಸಾಮಾನ್ಯವಾಗಿ, ‘ತಕ್ಕಮಟ್ಟಿಗೆ’ ಎಂದು ಅರ್ಥ. ಅಮೆರಿಕದವನು ಅದೇ ಮಾತನ್ನು ಹೊಗಳಿಕೆಯೆಂದು ಓದಿಕೊಂಡಾನು. ನನ್ನ ಶಿಷ್ಯನಿಗೆ ಸೀಟು ತಪ್ಪಿದ್ದು ಆ ಒಂದು ಮಾತಿನಿಂದಲೇ ಎಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ನನ್ನ ತಲೆಮಾರಿನವರೆಲ್ಲ ರೆನ್ ಮತ್ತು ಮಾರ್ಟಿನ್ ವ್ಯಾಕರಣದ ನೆರಳಿನಲ್ಲಿ ಬೆಳೆದವರು. ‘ಟಾಲ್’ಗೆ ‘ವೆರಿ’, ‘ಟಾಲರ್’ಗೆ ‘ಮಚ್’ ಎಂದು ಅಲ್ಲಿ ಕಲಿತೆವು. ಕಲಿತದ್ದು ಇಂದಿಗೂ ಸರಿಯೆ. ಆದರೆ ಎರಡರಲ್ಲಿ ಯಾವುದನ್ನು ಹಾಕಬೇಕು ಎಂಬುದು ವ್ಯಾಕರಣದ ಪ್ರಶ್ನೆ. ಹಾಕಬೇಕೇ ಬೇಡವೇ ಎಂಬುದು ಬೇರೆಯದೇ ಪ್ರಶ್ನೆ. ಪರೀಕ್ಷೆಯಲ್ಲಿ ಈ ಎರಡನೆಯದಕ್ಕೆ ಅಂಕವಿಲ್ಲವಾದ್ದರಿಂದ ನಾನೂ ಅದನ್ನು ಯಾರಿಗೂ ಕಲಿಸಲಿಲ್ಲ.

ನಮ್ಮವರ ಇಂಗ್ಲಿಷಿನಲ್ಲಿ ಪದೇ ಪದೇ ಕಾಣುವ ತಪ್ಪು ‘ಟೂ’ ಎಂಬುದರದು. ‘ಕಾಫಿ ತುಂಬಾ ಬಿಸಿ’ ಎಂದು ಕನ್ನಡದಲ್ಲಿ ಅಂದರೆ, ಅದು ಮೆಚ್ಚಿಗೆಯೋ ದೂರೋ ಎಂಬುದನ್ನು ಹೇಳಿದವರ ಮುಖ ನೋಡಿ ತಿಳಿಯಬೇಕು. ಒಂದೇ ‘ತುಂಬಾ’ ಎರಡಕ್ಕೂ ಆಗುತ್ತದೆ. ಇಂಗ್ಲಿಷಿನವನು ಈ ಎರಡನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟಿದ್ದಾನೆ. ‘ವೆರಿ ಹಾಟ್’ ಎಂದರೆ ಹೆಚ್ಚು ಬಿಸಿ. ‘ಟೂ ಹಾಟ್’ ಎಂದರೆ ಕುಡಿಯಲಾರದಷ್ಟು. ‘ಟೂ’ ಎಂಬುದರ ಬೆನ್ನಿಗೆ ಒಂದು ‘ಆಗದು’ ಯಾವಾಗಲೂ ಅಂಟಿಕೊಂಡಿರುತ್ತದೆ. ಮಗಳ ಜಾತಕದ ಜೊತೆ ಕಳಿಸುವ ಪತ್ರದಲ್ಲಿ ‘ಶಿ ಈಸ್ ಟೂ ಫೇರ್’ ಎಂದು ಬರೆದ ತಂದೆ, ಹುಡುಗಿ ಬೇಡುವುದಕ್ಕಿಂತ ಹೆಚ್ಚು ಬೆಳ್ಳಗಾಗಿಬಿಟ್ಟಳೆಂದು ದೂರಿದಂತಾಯಿತು. ಸಂಭಾಷಣೆಯಲ್ಲಿ ‘ಯು ಆರ್ ಟೂ ಕೈಂಡ್’ ಎಂದು ಇಂಗ್ಲಿಷರೇ ಹೇಳುತ್ತಾರಲ್ಲ ಎನ್ನಬಹುದು. ನಿಜ, ಅಲ್ಲಿಯೂ ‘ನನ್ನ ಯೋಗ್ಯತೆಗೆ ಮೀರಿದ ದಯೆ’ ಎಂಬ ವಿನಯದ ‘ಆಗದು’ ಇದ್ದೇ ಇದೆ.

ಇನ್ನು ‘ವೆರಿ’. ಇದು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದದ್ದು, ಮೂಲಾರ್ಥ ‘ಸತ್ಯ’. ‘ವೆರಿಫೈ’, ‘ವರ್ಡಿಕ್ಟ್’ ಇದರ ದಾಯಾದಿಗಳು. ಹದಿನಾಲ್ಕನೆಯ ಶತಮಾನದ ಚಾಸರ್ ತನ್ನ ಯಾತ್ರಿಕರ ಪೈಕಿ ನೈಟನನ್ನು ವರ್ಣಿಸುವಾಗ, ಈ ಪದವನ್ನು ‘ಪರ್ಫೆಕ್ಟ್’ ಎಂಬ ಅರ್ಥದ ಪದದ ಪಕ್ಕದಲ್ಲಿಯೇ ಇಟ್ಟಿದ್ದಾನೆ. ನಮ್ಮ ವಿದ್ಯಾರ್ಥಿಗಳು ಅದನ್ನು ‘ಬಹಳ ಪರಿಪೂರ್ಣ’ ಎಂದು ಓದಿಬಿಡುತ್ತಾರೆ. ಪರಿಪೂರ್ಣವಾದದ್ದಕ್ಕೆ ‘ಬಹಳ’ ಎಲ್ಲಿಂದ ಬರಬೇಕು? ಚಾಸರ್ ಹೇಳಿದ್ದು ‘ನಿಜವಾದ, ಪರಿಪೂರ್ಣ’ ಎಂದು. ಮುಂದೆ ಜನ ಪ್ರತಿ ಮಾತಿಗೂ ಸತ್ಯ ಸತ್ಯ ಎಂದು ಆಣೆಯಿಟ್ಟೂ ಇಟ್ಟೂ, ಆಣೆ ಸವೆದು ‘ಬಹಳ’ ಆಯಿತು. ಅದು ಸವೆದ ಮೇಲೆ ‘ರಿಯಲಿ’, ‘ಟ್ರೂಲಿ’ ಎಂಬ ಹೊಸ ಆಣೆಗಳು ಬಂದವು. ಹೆದರಿಕೆಯ ‘ಟೆರಿಬ್ಲಿ’, ‘ಆಫುಲಿ’ಗಳನ್ನೂ ಚಾಕರಿಗೆ ಎಳೆದುಕೊಂಡರು. ನಗುವುದು ಬೇಡ, ನಾವೂ ‘ಭಯಂಕರ ರುಚಿ’ ಎನ್ನುವವರೇ.

ಈ ವಿಷಯದಲ್ಲಿ ವ್ಯಾಕರಣ ಪುಸ್ತಕಗಳಿಗಿಂತ ನನಗೆ ಹೆಚ್ಚು ಪಾಠ ಹೇಳಿದವಳು ಜೇನ್ ಆಸ್ಟೆನ್. ಅವಳು ತೀರಿಕೊಂಡ 1817ರ ಕೊನೆಯಲ್ಲಿ ಪ್ರಕಟವಾದ ‘ನಾರ್ಥ್ಯಾಂಗರ್ ಆ್ಯಬಿ’ಯನ್ನು ಭೂತದ ಕಾದಂಬರಿಗಳ ಅಣಕವೆಂದು ಹೇಳುವುದು ವಾಡಿಕೆ. ನನಗೆ ಅದು ಕ್ರಿಯಾವಿಶೇಷಣಗಳ ಕಾದಂಬರಿ. ಇಸಬೆಲ್ಲಾ ಥಾರ್ಪ್ ಎಂಬ ಚೆಲುವೆಯ ಬಾಯಲ್ಲಿ ಯಾವ ಗುಣವೂ ಒಂಟಿಯಾಗಿ ಬರುವುದಿಲ್ಲ. ಎಲ್ಲದಕ್ಕೂ ‘ಅಮೇಜಿಂಗ್ಲಿ’ ಮೊದಲಾದವುಗಳ ಮೆರವಣಿಗೆ. ಹದಿನೇಳರ ಹರೆಯದ, ಹಳ್ಳಿಯಿಂದ ಬಂದ ಕ್ಯಾಥರೀನಳಿಗೆ ಈ ಗೆಳತಿಯ ಮಾತು ನೆಗಡಿಯಂತೆ ತಗಲುತ್ತದೆ. ಹದಿನಾಲ್ಕನೆಯ ಅಧ್ಯಾಯದಲ್ಲಿ ಬಾತ್ ಪಟ್ಟಣದ ಬಳಿಯ ಬೆಟ್ಟಕ್ಕೆ ತಿರುಗಾಟ ಹೋದಾಗ, ಯುವಕರು ಕಾದಂಬರಿಗಳನ್ನು ತಿರಸ್ಕರಿಸುವುದನ್ನು ಹೇಳಲು ಅವಳೂ ‘ಅಮೇಜಿಂಗ್ಲಿ’ ಎಂದುಬಿಡುತ್ತಾಳೆ. ಹೆನ್ರಿ ಟಿಲ್ನಿ ಪದವನ್ನು ಹಿಡಿದುಕೊಳ್ಳುತ್ತಾನೆ: ಹೆಂಗಸರಷ್ಟೇ ಕಾದಂಬರಿ ಓದುವ ಗಂಡಸರು ಅದನ್ನು ತಿರಸ್ಕರಿಸುವುದಾದರೆ ಅದು ಅಚ್ಚರಿಯೇ ಸರಿ ಎನ್ನುತ್ತಾನೆ. ಸವೆದುಹೋದ ನಾಣ್ಯಕ್ಕೆ ಮತ್ತೆ ಮುದ್ರೆ ಒತ್ತಿಕೊಟ್ಟಂತೆ! ಆಮೇಲೆ ‘ನೈಸ್’ ಎಂಬ ಮಾತಿಗೂ ಇದೇ ಶಾಸ್ತಿ. ತಂಗಿ ಎಲಿನರ್ ನಡುವೆ ಬಂದು, ಆ ಪದವನ್ನು ಬೇಗ ಬದಲಿಸಿಬಿಡು, ಇಲ್ಲವಾದರೆ ದಾರಿಯುದ್ದಕ್ಕೂ ಡಾಕ್ಟರ್ ಜಾನ್ಸನ್ ಮತ್ತು ಬ್ಲೇರ್‌ರನ್ನು ತಲೆಗೆ ಹೇರುತ್ತಾನೆ ಎಂದು ಬಿಡಿಸುತ್ತಾಳೆ. ನನಗೆ ಯಾವಾಗಲೂ ಎಲಿನರಳ ಕಡೆಗೇ ಒಲವು. ಊಟದ ಹೊತ್ತಿನಲ್ಲಿ ವ್ಯಾಕರಣ ತಿದ್ದುವವನ ಮನೆಯವರ ಕಷ್ಟ ನಮ್ಮ ಮನೆಯವರಿಗೆ ಗೊತ್ತು.

ಆದರೆ ಆಸ್ಟೆನ್ ಇದನ್ನು ವಿನೋದಕ್ಕೆಂದು ಮಾತ್ರ ಬರೆದಿಲ್ಲ. ಕ್ಯಾಥರೀನಳ ಅಣ್ಣ ಜೇಮ್ಸನನ್ನು ಮದುವೆಯಾಗುವುದಾಗಿ ಮಾತು ಕೊಟ್ಟ ಇಸಬೆಲ್ಲಾ, ಹೆನ್ರಿಯ ಅಣ್ಣ ಕ್ಯಾಪ್ಟನ್ ಟಿಲ್ನಿಯ ಕಡೆ ವಾಲುತ್ತಾಳೆ. ಜೇಮ್ಸನ ಸಂಬಂಧ ಮುರಿಯುತ್ತದೆ; ಕ್ಯಾಪ್ಟನನೂ ಕೈಬಿಡುತ್ತಾನೆ. ಆಗ ಏನೂ ಆಗಿಲ್ಲವೆಂಬಂತೆ, ಹಳೆಯ ಉಬ್ಬರದಲ್ಲಿಯೇ ಕ್ಯಾಥರೀನಳಿಗೆ ಕಾಗದ ಬರೆಯುತ್ತಾಳೆ. ಈ ಸಲ ಕ್ಯಾಥರೀನ್ ಮೋಸಹೋಗುವುದಿಲ್ಲ. ಅಷ್ಟು ಹೊತ್ತಿಗೆ ಅವಳು ಮಾತನ್ನು ತೂಗಿ ನೋಡುವುದನ್ನು ಕಲಿತಿದ್ದಾಳೆ. ಎಲ್ಲರನ್ನೂ ಒಂದೇ ಸಮನಾಗಿ ಅತಿಯಾಗಿ ಪ್ರೀತಿಸುವವಳ ಪ್ರೀತಿಗೆ ಅಳತೆಯೇ ಇಲ್ಲವೆಂದು ನಮಗೆ ಆಸ್ಟೆನ್ ಮೊದಲ ಪುಟಗಳಲ್ಲಿಯೇ ಸೂಚಿಸಿದ್ದಳು, ಕೇಳಿಸಿಕೊಳ್ಳದವರು ನಾವು.

ಹಾಗೆಂದು ಒತ್ತುಪದಗಳೆಲ್ಲ ಕೆಟ್ಟವೆನ್ನುವ ಮಡಿವಂತನೂ ನಾನಲ್ಲ. ‘ಬಿಟರ್ಲಿ ಕೋಲ್ಡ್’ ಎಂದಾಗ ಚಳಿ ಕಚ್ಚುತ್ತದೆ; ‘ಸ್ಟೋನ್ ಡೆಫ್’ ಎಂದಾಗ ಕಲ್ಲೇ ಎದುರಿಗೆ ನಿಲ್ಲುತ್ತದೆ. ಕನ್ನಡದ ಕಿವಿಗೆ ಇದು ಹೊಸದಲ್ಲ. ಕಡೆಗೆ ‘ಕಟ್ಟಕಡೆ’, ತುದಿಗೆ ‘ತುತ್ತತುದಿ’, ಕೆಂಪಿಗೆ ‘ಕಡುಗೆಂಪು’. ‘ಕಟ್ಟತುದಿ’ ಎಂದರೆ ಮಗು ಕೂಡ ನಕ್ಕೀತು. ಯಾವ ಗುಣಕ್ಕೆ ಯಾವ ಜೊತೆ ಎಂಬ ಸೂಕ್ಷ್ಮ ಇಂಗ್ಲಿಷಿನಲ್ಲಿಯೂ ಉಂಟು: ಕಾಯಿಲೆ ‘ಸೀರಿಯಸ್ಲಿ’, ಕೃತಜ್ಞತೆ ‘ಡೀಪ್ಲಿ’. ಇದಕ್ಕೆ ಸೂತ್ರವಿಲ್ಲ, ಓದಿ ಓದಿಯೇ ಕಿವಿ ಪಳಗಬೇಕು. ‘ವೆರಿ’ ಎಲ್ಲರ ಮನೆಗೂ ಬರುವ ನೆಂಟ. ಆದುದರಿಂದಲೇ ಯಾರ ಮನೆಯಲ್ಲಿಯೂ ಅವನಿಗೆ ಮಣೆ ಇಲ್ಲ.

ಕಳೆದ ಬೇಸಗೆಯಲ್ಲಿ ನೆರೆಮನೆಯ ಹುಡುಗಿ ಅಂಥದೇ ಒಂದು ಶಿಫಾರಸು ಕೇಳಿದಳು. ಮೊದಲು ‘ಎಕ್ಸ್‌ಟ್ರೀಮ್ಲಿ ಇಂಟೆಲಿಜೆಂಟ್’ ಎಂದು ಬರೆದೆ, ಹೊಡೆದುಹಾಕಿದೆ. ‘ಹೈಲಿ’ ಎಂದೆ, ಅದನ್ನೂ ಹೊಡೆದೆ. ಕೊನೆಗೆ, ಒಂದು ಮಳೆಗಾಲದಲ್ಲಿ ಅವಳು ಆಸ್ಟೆನ್ನಳ ಆರೂ ಕಾದಂಬರಿಗಳನ್ನು ಓದಿ ಮುಗಿಸಿದಳೆಂದೂ, ಒಂದು ಪಾತ್ರವನ್ನು ಕುರಿತು ನಾನು ಹಲವು ವರ್ಷ ತರಗತಿಯಲ್ಲಿ ಹೇಳುತ್ತಿದ್ದ ಮಾತು ತಪ್ಪೆಂದು ಪುಟ ತೆರೆದು ತೋರಿಸಿದಳೆಂದೂ, ನಾನು ಒಪ್ಪಿಕೊಂಡೆನೆಂದೂ ಬರೆದೆ. ಅವಳ ತಂದೆ ಕಾಗದವನ್ನು ಎರಡು ಸಲ ಓದಿದರು.

“ಎಲ್ಲಾ ಸರಿ ಸಾರ್, ಒಂದು ‘ವೆರಿ’ನಾದರೂ ಹಾಕಬಾರದಿತ್ತೆ?” ಎಂದರು.

ಹಾಕಲಿಲ್ಲ. ಕಾಗದ ಹಾಗೆಯೇ ಹೋಯಿತು.