ಹಿಂಡಿ ಹಾಕೋದಾ, ಹೊಸ ಎತ್ತು ತರೋದಾ?

"ಅಣ್ಣಾ, ಇರೋ ಕಾರಿಗೇ ರೀಮ್ಯಾಪ್ ಮಾಡಿಸ್ಲೋ, ಇಲ್ಲಾ ಇದನ್ನ ಮಾರಿ ದೊಡ್ಡ ಇಂಜಿನ್ನಿಂದು ತಗಳ್ಳೋ?"

ಬೆಂಗಳೂರಲ್ಲಿ ಕೆಲಸಕ್ಕಿರೋ ನಮ್ಮ ಕಡೆ ಹುಡುಗರು ಈಗ ಹೆಚ್ಚಾಗಿ ಕೇಳೋ ಪ್ರಶ್ನೆ ಇದು. ನಮ್ಮ ಕಡೆ ಅಂದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಕೈಗೆ ಸಂಬಳ ಬಂದು ನಾಲ್ಕೈದು ವರ್ಷ ಆಗಿರುತ್ತೆ, ಮನೇಲಿ ಬೋರ್‌ವೆಲ್ ಸಾಲ ತೀರಿರುತ್ತೆ, ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿಯೋ ಐ20 ಟರ್ಬೋನೋ ಬಂದಿರುತ್ತೆ. ಆರು ತಿಂಗಳಿಗೆ ಅದು ಸಾಲದು ಅನ್ಸುತ್ತೆ.

ಪ್ರಶ್ನೆ ಹೊಸದೇನಲ್ಲ. ಇದ್ದ ಎತ್ತಿಗೆ ಹಿಂಡಿ ಜಾಸ್ತಿ ಹಾಕಿ ಇನ್ನೊಂದು ವರ್ಷ ಹೂಡೋದಾ, ಸಂತೆಗೆ ಹೋಗಿ ಗಟ್ಟಿ ಎತ್ತು ತರೋದಾ ಅಂತ ನಮ್ಮ ಅಪ್ಪಂದಿರು ಕಟ್ಟೆ ಮೇಲೆ ಕೂತು ಲೆಕ್ಕ ಹಾಕ್ತಿದ್ರು. ನಮ್ಮ ಅಣ್ಣಂದಿರ ಕಾಲಕ್ಕೆ ಅದು ಯಮಹಾ ಆರ್‌ಎಕ್ಸ್ 100 ಆಯ್ತು. 1985ರಿಂದ 1996ರವರೆಗೆ ಬಂದ ಆ ಗಾಡಿ ಬರೀ 98 ಸಿಸಿ, 11 ಪಿಎಸ್. ಸಿಲಿಂಡರಿನ ಪೋರ್ಟ್‌ಗಳನ್ನು ಅರ ಹಾಕಿ ಅಗಲ ಮಾಡಿಸಿ, ಸೈಲೆನ್ಸರ್ ಬದಲಿಸಿ ಜಾತ್ರೆಗೆ ಹೊಡೀತಿದ್ರು. ಅದಕ್ಕೂ ಮೊದಲೇ, 1983ರಲ್ಲಿ, ಎಸ್ಕಾರ್ಟ್ಸ್ ಕಂಪನಿ ಅದಕ್ಕಿಂತ ಎಷ್ಟೋ ಪಾಲು ಶಕ್ತಿಯ ಎರಡು ಸಿಲಿಂಡರಿನ ರಾಜದೂತ್ 350 ತಂದಿತ್ತು. ಅದನ್ನು ಕೊಂಡವರು ಕಡಿಮೆ. ಬೆಲೆ ಜಾಸ್ತಿ, ಪೆಟ್ರೋಲ್ ಕುಡಿಯೋದೂ ಜಾಸ್ತಿ. ಈ ಮಾತು ನೆನಪಿರಲಿ, ಮುಂದೆ ಕಾರಿಗೂ ಬರುತ್ತೆ.

ಇಲ್ಲಿ ಸ್ಪೋರ್ಟ್ಸ್ ಕಾರ್ ಅಂದ್ರೆ ಪೋರ್ಶೆ ಅಲ್ಲ. ನಮ್ಮಂಥ ಸಂಬಳದವರ ಸ್ಪೋರ್ಟ್ಸ್ ಕಾರ್ ಅಂದ್ರೆ ನಾಲ್ಕು ಮೀಟರಿನ ಒಳಗಿನ, ಟರ್ಬೋ ಇರೋ ಹ್ಯಾಚ್‌ಬ್ಯಾಕು. ಅದರ ಹಿರಿಯಣ್ಣ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 2013ರಲ್ಲಿ 7.99 ಲಕ್ಷ ಎಕ್ಸ್ ಶೋರೂಮ್‌ಗೆ ಬಂತು. 1.2 ಲೀಟರ್ ಇಂಜಿನ್, 105 ಪಿಎಸ್, 175 ನ್ಯೂಟನ್ ಮೀಟರ್ ಟಾರ್ಕ್, ಏಳು ಗೇರಿನ ಡಿಎಸ್‌ಜಿ. ಅದನ್ನೇ ಉದಾಹರಣೆಗೆ ಇಟ್ಕೊಂಡು ಮಾತಾಡೋಣ.

ರೀಮ್ಯಾಪ್ ಅಂದ್ರೆ ಏನು? ಇಂಜಿನ್ ನಡೆಸೋ ಕಂಪ್ಯೂಟರಿನಲ್ಲಿ ಒಂದಷ್ಟು ಕೋಷ್ಟಕಗಳಿರುತ್ತವೆ. ಇಷ್ಟು ಆರ್‌ಪಿಎಂಗೆ ಟರ್ಬೋ ಇಷ್ಟು ಒತ್ತಬೇಕು, ಇಷ್ಟು ಪೆಟ್ರೋಲ್ ಬಿಡಬೇಕು, ಇಂಥ ಹೊತ್ತಿಗೆ ಕಿಡಿ ಹಚ್ಚಬೇಕು. ಆ ಅಂಕಿಗಳನ್ನು ತಿದ್ದಿ ಮತ್ತೆ ತುಂಬೋದೇ ರೀಮ್ಯಾಪ್. ಟರ್ಬೋ ಇಂಜಿನ್ನಿನಲ್ಲಿ ಇದರಿಂದ ಟಾರ್ಕು ನಿಜವಾಗಿಯೂ ಏರುತ್ತೆ, ಸೀಟಿಗೆ ಬೆನ್ನು ಒತ್ತೋದು ಸುಳ್ಳಲ್ಲ. ಟರ್ಬೋ ಇಲ್ಲದ ಇಂಜಿನ್ನಿಗೆ ಮಾಡಿಸಿದ್ರೆ ಸಿಗೋದು ಅಲ್ಪ, ಅದರ ಬಗ್ಗೆ ಇಲ್ಲಿ ಮಾತು ಬೇಡ. ಖರ್ಚೂ ಸಾವಿರಗಳ ಲೆಕ್ಕ, ಲಕ್ಷಗಳದ್ದಲ್ಲ. ಅರ್ಧ ದಿನದ ಕೆಲಸ.

ಕೋಡ್ ಬರೆದು ಹೊಟ್ಟೆ ಹೊರೆಯೋ ನಮಗೆ ಇದು ಪ್ರೀತಿ ಹುಟ್ಟಿಸೋದು ಸಹಜ. ಹಾರ್ಡ್‌ವೇರ್ ಮುಟ್ಟದೆ, ಬರೀ ಕಾನ್ಫಿಗ್ ಬದಲಿಸಿ ಪರ್ಫಾರ್ಮೆನ್ಸ್! ಆದ್ರೆ ಕಂಪನಿಯವರು ಆ ಶಕ್ತಿಯನ್ನು ಸುಮ್ಮನೆ ಬಚ್ಚಿಟ್ಟಿರಲ್ಲ. ಅದು ಅಂಚು ಬಿಟ್ಟು ಹೊಲ ಉತ್ತ ಹಾಗೆ. ಕೆಟ್ಟ ಪೆಟ್ರೋಲ್, ಏಪ್ರಿಲ್ ತಿಂಗಳ ಕೂಡ್ಲಿಗಿ ಬಿಸಿಲು, ಏರ್ ಫಿಲ್ಟರ್ ತೊಳೆಯೋದು ಮರೆತ ಓನರು, ಇವೆಲ್ಲಕ್ಕೂ ಸೇರಿಸಿ ಬಿಟ್ಟ ಜಾಗ ಅದು. ರೀಮ್ಯಾಪ್ ಆ ಜಾಗವನ್ನು ತಿನ್ನುತ್ತೆ. ಪೋಲೋ ಜಿಟಿಯ ಡ್ರೈ ಕ್ಲಚ್ ಡಿಎಸ್‌ಜಿ ತಾಳೋ ಟಾರ್ಕು 250 ನ್ಯೂಟನ್ ಮೀಟರ್ ಅಂತ ಲೆಕ್ಕ. ಕಾರ್ಖಾನೆ ಅದಕ್ಕೆ ಕೊಟ್ಟಿದ್ದು 175. ರೀಮ್ಯಾಪ್ ಮಾಡಿದವನು ಅದನ್ನು ಎಷ್ಟು ಏರಿಸ್ತಾನೋ ಅಷ್ಟು ಅಂಚಿನ ಹತ್ರ ಹೋಗ್ತೀರಿ. ಆಮೇಲೆ ಸಿಲ್ಕ್ ಬೋರ್ಡಿನಲ್ಲಿ ಇಂಚಿಂಚು ತೆವಳಿಸ್ತೀರಿ, ಕ್ಲಚ್ ಕಾಯುತ್ತೆ. ಅಲ್ಲಿ ಉಳಿದ ಅಂಚು ಎಷ್ಟು ಅನ್ನೋದು ಯಾವ ಡೈನೋ ಚೀಟಿಯಲ್ಲೂ ಬರಲ್ಲ.

ಊರಲ್ಲಿ ಟ್ರ್ಯಾಕ್ಟರ್ ನೋಡಿದೋರಿಗೆ ಇದು ಹೊಸದಾಗಿ ಹೇಳಬೇಕಿಲ್ಲ. ಡೀಸೆಲ್ ಪಂಪ್ ತಿರುವಿ ಹೊಗೆ ಕಾರೋ ಹಾಗೆ ಮಾಡಿದ್ರೆ ಟ್ರೇಲರ್ ಜಗ್ಗುತ್ತೆ, ಸುಗ್ಗಿ ಮುಗಿಯೋದ್ರೊಳಗೆ ಕ್ಲಚ್ ಪ್ಲೇಟಿಗೆ ಹಾವೇರಿಗೋ ದಾವಣಗೆರೆಗೋ ಹೋಗಬೇಕಾಗುತ್ತೆ.

ನನ್ನ ದೊಡ್ಡ ತಕರಾರು ಬ್ರೇಕಿನದು. ವೇಗ 100ರಿಂದ 140ಕ್ಕೆ ಏರಿದ್ರೆ ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಹತ್ತಿರತ್ತಿರ ಎರಡು ಪಟ್ಟು. ಇಂಜಿನ್ನಿಗೆ ಫೈಲ್ ತುಂಬಿದವನು ಬ್ರೇಕಿಗೆ ಏನೂ ತುಂಬಿರಲ್ಲ. ಪೋಲೋದ ಹಿಂದಿನ ಗಾಲಿಗೆ ಆಗಲೂ ಡ್ರಮ್ಮೇ, ಈಗಲೂ ಡ್ರಮ್ಮೇ.

ಹಂಗಾದ್ರೆ ದೊಡ್ಡದೇ ತಗೊಳ್ಳಿ ಅಂತೀನಾ? ತಾಳಿ.

ಪೋಲೋ ಮನೆತನದಲ್ಲೇ ಮೇಲಿನ ಮೆಟ್ಟಿಲು ಯಾವುದು? 2016ರಲ್ಲಿ ಪೋಲೋ ಜಿಟಿಐ ಬಂತು, 192 ಪಿಎಸ್, 25.99 ಲಕ್ಷ. ಮೂರು ಬಾಗಿಲಿನ ಕಾರಿಗೆ! ಅಕ್ಕಪಕ್ಕದ ಮನೆ ಸ್ಕೋಡಾದಲ್ಲಿ 2017ಕ್ಕೆ ಆಕ್ಟೇವಿಯಾ ಆರ್‌ಎಸ್, 230 ಪಿಎಸ್, 24.62 ಲಕ್ಷ. 2020ರಲ್ಲಿ ಅದೇ ಆರ್‌ಎಸ್ 245 ಆಗಿ ಬಂದಾಗ 35.99 ಲಕ್ಷ, ಇಡೀ ದೇಶಕ್ಕೆ 200 ಕಾರು. 2025ರಲ್ಲಿ ಮತ್ತೆ ಬಂತು, 265 ಪಿಎಸ್, 49.99 ಲಕ್ಷ, 100 ಕಾರು. ಅವೂ ಬುಕ್ ಆಗಿ ಹೋದವು.

ಇವು ಒಳ್ಳೇ ಕಾರುಗಳು, ಅದರಲ್ಲಿ ಎರಡು ಮಾತಿಲ್ಲ. ದೊಡ್ಡ ಬ್ರೇಕು, ಅದಕ್ಕೆ ತಕ್ಕ ಗೇರ್‌ಬಾಕ್ಸು, ಸಸ್ಪೆನ್ಷನ್ನು, ಎಲ್ಲ ಒಂದೇ ಕೈ ಮಾಡಿದ್ದು, ಒಂದಕ್ಕೊಂದು ಕೂಡಿಸಿ ಪರೀಕ್ಷೆ ಮಾಡಿದ್ದು. ದೊಡ್ಡ ಮಾಡೆಲ್ಲಿಗೆ ಕೊಡೋ ದುಡ್ಡು ಈ ಕೂಡಿಸೋ ಕೆಲಸಕ್ಕೆ, ಬರೀ ಪಿಎಸ್‌ಗಲ್ಲ. ಆದ್ರೆ ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ನೂರಕ್ಕೆ 18, ಅದರ ಮೇಲೆ ಸೆಸ್. 49.99 ಲಕ್ಷಕ್ಕೆ ಬರೀ ತೆರಿಗೆಯೇ ಸುಮಾರು 9 ಲಕ್ಷ. ಅಂದ್ರೆ 2013ರ ಒಂದು ಇಡೀ ಪೋಲೋ ಜಿಟಿ ಆರ್‌ಟಿಒಗೆ ಕೊಟ್ಟು ಬಂದ ಹಾಗೆ. ರೀಮ್ಯಾಪಿಗೆ ರಸ್ತೆ ತೆರಿಗೆ ಇಲ್ಲ. ಹುಡುಗರು ಲ್ಯಾಪ್‌ಟಾಪ್ ಹಿಡಿದವನ ಹತ್ರ ಹೋಗೋದಕ್ಕೆ ಹುಚ್ಚು ಒಂದೇ ಕಾರಣ ಅಲ್ಲ, ಈ ಲೆಕ್ಕವೂ ಕಾರಣ.

105 ಪಿಎಸ್‌ನಿಂದ ನೇರ 200ರ ಆಸುಪಾಸಿಗೆ, 8 ಲಕ್ಷದಿಂದ ನೇರ 25 ಲಕ್ಷಕ್ಕೆ. ನಡುವಿನ ಮೆಟ್ಟಿಲೇ ಇಲ್ಲದ ಏಣಿ ಇದು. ಮಾಡೋದಾ, ಕೊಳ್ಳೋದಾ ಅನ್ನೋ ಪ್ರಶ್ನೆ ಹುಟ್ಟಿದ್ದೇ ಈ ಖಾಲಿ ಜಾಗದಲ್ಲಿ.

ಇಲ್ಲಿ ಬೈಗುಳ ಕಂಪನಿಗಳಿಗಷ್ಟೇ ಸೇರೋದಲ್ಲ, ನಮಗೂ ಸೇರಬೇಕು. ಯಾಕಂದ್ರೆ ನಡುವಿನ ಮೆಟ್ಟಿಲು ಮೂರು ಸಲ ಬಂದಿತ್ತು.

2015ರಲ್ಲಿ ಫಿಯಟ್ ಅಬಾರ್ತ್ ಪುಂಟೋ ತಂದ್ರು. 145 ಪಿಎಸ್, 212 ನ್ಯೂಟನ್ ಮೀಟರ್, ನಾಲ್ಕೂ ಗಾಲಿಗೆ ಡಿಸ್ಕ್, 9.95 ಲಕ್ಷ. ಇಂಜಿನ್ 1.4 ಲೀಟರ್ ಆಗಿದ್ದರಿಂದ 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಸಿಗೋ ತೆರಿಗೆ ರಿಯಾಯಿತಿಯೂ ಅದಕ್ಕಿರಲಿಲ್ಲ, ಆದ್ರೂ ಆ ಬೆಲೆಗೆ ಕೊಟ್ರು. 2017ರಲ್ಲಿ ಮಾರುತಿಯೇ ಬಲೆನೋ ಆರ್‌ಎಸ್ ತಂತು: 102 ಪಿಎಸ್, ಹಿಂದೆಯೂ ಡಿಸ್ಕ್, 8.69 ಲಕ್ಷ. 2018ರಲ್ಲಿ ಟಾಟಾದವರು ಕೊಯಮತ್ತೂರಿನ ಜಯೆಮ್ ಜೊತೆ ಸೇರಿ ಟಿಯಾಗೋ ಜೆಟಿಪಿ ಮಾಡಿದ್ರು: 114 ಪಿಎಸ್, 6.39 ಲಕ್ಷ. ಆರೂವರೆ ಲಕ್ಷದೊಳಗೆ, ವಾರಂಟಿ ಸಮೇತ, ಕಾರ್ಖಾನೆಯಲ್ಲೇ ಟ್ಯೂನ್ ಆದ ಕಾರು!

ನಾವೇನು ಮಾಡಿದ್ವಿ? "ಸರ್ವೀಸ್ ಸೆಂಟರ್ ಇಲ್ಲ", "ಮೈಲೇಜ್ ಬರಲ್ಲ", "ಆ ಬೆಲೆಗೆ ಬ್ರೆಝಾ ಬರುತ್ತೆ", "ಟಾಟಾ ರೀಸೇಲ್ ಇಲ್ಲ" ಅಂದ್ವಿ. ಫಿಯಟ್ 2019ಕ್ಕೆ ಮನೆಗೆ ಹೋಯ್ತು, ಬಲೆನೋ ಆರ್‌ಎಸ್, ಜೆಟಿಪಿ ಎರಡೂ 2020ಕ್ಕೆ ಮುಗಿದವು. ರಾಜದೂತ್ 350ಕ್ಕೆ ಅಂದಿದ್ದ ಮಾತನ್ನೇ ಮೂವತ್ತು ವರ್ಷ ಬಿಟ್ಟು ಮತ್ತೆ ಅಂದು, ಆಮೇಲೆ ಸತ್ತ ಗಾಡಿಗೆ ಹಾರ ಹಾಕಿ ಲೆಜೆಂಡ್ ಅಂದ್ವಿ. ಸರ್ವೀಸ್ ಸೆಂಟರಿನ ಮಾತಲ್ಲಿ ಸತ್ಯ ಇತ್ತು, ಒಪ್ಪೋಣ. ಹಡಗಲಿಯಲ್ಲಿ ನಿಂತ ಅಬಾರ್ತನ್ನು ಎಲ್ಲಿಗೆ ಎಳೆಸಬೇಕು? ಆದ್ರೆ ಮೈಲೇಜಿನ ನೆಪ ಹೇಳಿದವರೇ ರೀಮ್ಯಾಪಿಗೆ ದುಡ್ಡು ಕೊಡೋದು ನೋಡಿದ್ರೆ ನಗು ಬರುತ್ತೆ.

ಈ ಸಾಲಿನಲ್ಲಿ ಅನ್ಯಾಯಕ್ಕೆ ಒಳಗಾದ ಇನ್ನೊಂದು ಕಾರು ಐ20 ಎನ್ ಲೈನ್. 2021ರಲ್ಲಿ ಬಂದಾಗ ಎಲ್ಲರೂ ಗೇಲಿ ಮಾಡಿದ್ರು: 120 ಪಿಎಸ್, ಸಾದಾ ಐ20 ಟರ್ಬೋಗಿಂತ ಒಂದು ಪಿಎಸ್ ಕೂಡ ಹೆಚ್ಚಿಲ್ಲ, ಬರೀ ಸ್ಟಿಕ್ಕರ್ ಅಂತ. ಸಸ್ಪೆನ್ಷನ್ ಬಿಗಿ ಮಾಡಿದ್ರು, ಸ್ಟೀರಿಂಗ್ ತೂಕ ಹೆಚ್ಚಿಸಿದ್ರು, ಹಿಂದಿನ ಗಾಲಿಗೂ ಡಿಸ್ಕ್ ಕೊಟ್ರು. ನನಗೆ ಇದೇ ಸರಿಯಾದ ಕ್ರಮ ಅನ್ಸುತ್ತೆ. ಮೊದಲು ಹಗ್ಗ ಗಟ್ಟಿ ಮಾಡು, ಆಮೇಲೆ ಹೋರಿ ಬಿಡು. ನಮ್ಮ ಟ್ಯೂನಿಂಗ್ ಹುಡುಗರು ಉಲ್ಟಾ ಮಾಡ್ತಾರೆ.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ನೋಂದಣಿ ಪತ್ರದಲ್ಲಿರೋ ವಿವರಕ್ಕೂ ತಯಾರಕರು ಕೊಟ್ಟ ಮೂಲ ವಿವರಕ್ಕೂ ತಾಳೆಯಾಗದ ಹಾಗೆ ವಾಹನ ಬದಲಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸೈಲೆನ್ಸರುಗಳ ಮೇಲೆ ಪೊಲೀಸರು ರೋಡ್ ರೋಲರ್ ಹರಿಸಿದ ವಿಡಿಯೋ ನೋಡೇ ಇರ್ತೀರಿ. ಕಣ್ಣಿಗೆ ಕಾಣದ ಸಾಫ್ಟ್‌ವೇರನ್ನು ಯಾವ ಪೊಲೀಸೂ ಹಿಡಿಯಲ್ಲ ಅಂತ ಧೈರ್ಯ ಬೇಡ. ಪೊಲೀಸ್ ಹಿಡಿಯದಿದ್ರೂ ಸರ್ವೀಸ್ ಸೆಂಟರಿನ ಕಂಪ್ಯೂಟರ್ ಹಿಡಿಯುತ್ತೆ. ಫೋಕ್ಸ್‌ವ್ಯಾಗನ್ ಗುಂಪಿನಲ್ಲಿ ಅದಕ್ಕೆ ಟಿಡಿ1 ಅನ್ನೋ ಗುರುತೇ ಇದೆ. ಅದು ಬಿದ್ದರೆ ಇಂಜಿನ್, ಗೇರ್‌ಬಾಕ್ಸ್ ವಾರಂಟಿ ಮರೆತುಬಿಡಿ. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಮಾಡಿಸಿದ್ದರೆ ಕ್ಲೇಮ್ ತಳ್ಳಿಹಾಕೋಕೆ ಅವರ ಕೈಗೆ ನೀವೇ ಕಾರಣ ಕೊಟ್ಟ ಹಾಗೆ. ಅಪ್ಪನ ಹೆಸರಲ್ಲಿ ನಾಲ್ಕು ಎಕರೆ ಬಿಟ್ಟು ಹಿಂದೆ ಮುಂದೆ ಏನೂ ಇಲ್ಲದ ಮನೆಯವರು ನಾವು. ಒಂದು ಕ್ಲೇಮ್ ಬಿದ್ದುಹೋದ್ರೆ ಅದು ಬೆಂಗಳೂರಿನ ಬಾಡಿಗೆ ಮನೆಗಲ್ಲ, ಆ ನಾಲ್ಕು ಎಕರೆಗೆ ತಗಲುತ್ತೆ.

ಅಷ್ಟಕ್ಕೂ ಈ ಶಕ್ತಿ ಎಲ್ಲಿ ಖರ್ಚು ಮಾಡೋದು? ಚಿತ್ರದುರ್ಗ ದಾಟಿ ಕೂಡ್ಲಿಗಿ ಕಡೆ ಬರೋ ರಾಷ್ಟ್ರೀಯ ಹೆದ್ದಾರಿ 50 ಚೆನ್ನಾಗಿದೆ, ಒಪ್ಪಿದೆ. ಆದ್ರೆ 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ಕಿ.ಮೀ. ದಾಟಿದ್ರೆ ಎಫ್‌ಐಆರ್. ಹೆದ್ದಾರಿ ಬಿಟ್ಟು ಕೊಟ್ಟೂರು ಕಡೆ ತಿರುಗಿದ್ರೆ ರಸ್ತೆ ಮೇಲೆ ಒಣಹಾಕಿದ ಮೆಕ್ಕೆಜೋಳ, ಬಣ್ಣ ಬಳಿಯದ ಹಂಪು, ಹಗರಿಬೊಮ್ಮನಹಳ್ಳಿ ದಾರೀಲಿ ಕುರಿ ಹಿಂಡು. ಇಲ್ಲಿ ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಪೋಲೋವೂ ಒಂದೇ, ಹುಟ್ಟುತ್ತಲೇ ತಗ್ಗಾಗಿರೋ ಆಕ್ಟೇವಿಯಾ ಆರ್‌ಎಸ್ಸೂ ಒಂದೇ, ಎರಡರ ಹೊಟ್ಟೆಯೂ ಕೆರೆಯುತ್ತೆ. ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ ದಾವಣಗೆರೆ, ಹರಪನಹಳ್ಳಿ ಕಡೆಯಿಂದ ರಾತ್ರಿಯೆಲ್ಲ ಜನ ನಡೀತಾ ಬರ್ತಾರೆ, ಮೈಲಾರದ ಜಾತ್ರೆಗೆ ಈಗಲೂ ಎತ್ತಿನ ಗಾಡಿ ಕಟ್ತಾರೆ. ಕತ್ತಲಲ್ಲಿ ರಸ್ತೆ ಅಂಚಲ್ಲಿ ಹೋಗೋರು ನಮ್ಮ ದೊಡ್ಡಮ್ಮ, ಸೋದರಮಾವಂದಿರೇ. ನಿಜಕ್ಕೂ ಬೇಕಾದಷ್ಟು ತುಳಿಯೋ ಆಸೆ ಇದ್ರೆ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇವೆ. ಅಲ್ಲೊಂದು ದಿನ ಓಡಿಸಿದ್ರೆ ಪಿಎಸ್ ಸಾಲದಾ, ನಮ್ಮ ಕೈ ಸಾಲದಾ ಅನ್ನೋದು ಮಧ್ಯಾಹ್ನದೊಳಗೆ ಗೊತ್ತಾಗುತ್ತೆ.

ಹೆಚ್ಚಿನ ಟಾರ್ಕಿಗೆ ನ್ಯಾಯವಾದ ಕಾರಣ ಒಂದಿದೆ: ಓವರ್‌ಟೇಕು. ಎರಡು ಲೇನಿನ ರಸ್ತೇಲಿ ಅದಿರು ಲಾರಿ ದಾಟುವಾಗ 60ರಿಂದ 100ಕ್ಕೆ ಬೇಗ ಏರಿದ್ರೆ ಎದುರು ಲೇನಿನಲ್ಲಿ ಇರೋ ಹೊತ್ತು ಕಡಿಮೆ ಆಗುತ್ತೆ. ಆದ್ರೆ ಅದಕ್ಕೆ 265 ಪಿಎಸ್ ಬೇಡ. ಒಳ್ಳೇ ಟೈರು, ಸರಿಯಾದ ಗೇರಲ್ಲಿರೋ 110–120 ಪಿಎಸ್ ಸಾಕು.

ಹಾಗಾಗಿ ಕೇಳಿದ ಹುಡುಗರಿಗೆ ನಾನು ಹೇಳೋದು ಈ ಕ್ರಮದಲ್ಲಿ. ಮೊದಲು ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ಲು. ಇಷ್ಟಕ್ಕೇ ಅರ್ಧ ಜನರ ಅತೃಪ್ತಿ ಹೋಗುತ್ತೆ. ಅದೂ ಸಾಲದಿದ್ರೆ ಹೊಸದಲ್ಲ, ಸರ್ವೀಸ್ ದಾಖಲೆ ಸರಿಯಿರೋ ಹಳೇ ಆಕ್ಟೇವಿಯಾನೋ ಎನ್ ಲೈನೋ ನೋಡಿ. ಮೊದಲ ಓನರು ತೆರಿಗೆ ಕಟ್ಟಿ ಸವಕಳಿಯನ್ನೂ ನುಂಗಿರ್ತಾನೆ. ತಗೊಳ್ಳೋ ಮುಂಚೆ ಅದಕ್ಕೆ ಮತ್ಯಾರಾದ್ರೂ ಹಿಂಡಿ ಹಾಕಿದ್ದಾರಾ ಅಂತ ಸ್ಕ್ಯಾನ್ ಮಾಡಿಸಿ. ರೀಮ್ಯಾಪೇ ಬೇಕು ಅನ್ನೋರು ವಾರಂಟಿ ಮುಗಿದ ಮೇಲೆ, ಆರ್‌ಟಿಒ ನಿಯಮ ವಿಚಾರಿಸಿ, ಇನ್ಶೂರೆನ್ಸಿನವರಿಗೆ ಕಾಗದದಲ್ಲಿ ತಿಳಿಸಿ, ಕ್ಲಚ್ಚಿಗೆ ಒಂದಷ್ಟು ದುಡ್ಡು ಎತ್ತಿಟ್ಟು ಆಮೇಲೆ ಹೋಗಿ. ಇಷ್ಟೆಲ್ಲ ಮಾಡೋ ಹೊತ್ತಿಗೆ ಅಗ್ಗದ ದಾರಿ ಎಷ್ಟು ಅಗ್ಗ ಅಂತ ನೀವೇ ಲೆಕ್ಕ ಹಾಕಿರ್ತೀರಿ.

ಇನ್ನೊಂದು ಕೊನೇ ಮಾತು. ಮುಂದಿನ ಸಲ ಯಾರಾದ್ರೂ 10–12 ಲಕ್ಷಕ್ಕೆ, ನಾಲ್ಕೂ ಗಾಲಿಗೆ ಡಿಸ್ಕ್ ಕೊಟ್ಟು, 140 ಪಿಎಸ್‌ನ ಸಣ್ಣ ಕಾರು ತಂದ್ರೆ ದಯವಿಟ್ಟು ಮೈಲೇಜ್ ಕೇಳಬೇಡಿ. ಕೊಳ್ಳಿ. ಇಲ್ಲಾಂದ್ರೆ ನಿಮ್ಮ ತಮ್ಮಂದಿರೂ ಇದೇ ಪ್ರಶ್ನೆ ಹಿಡ್ಕೊಂಡು ಇನ್ಯಾರ ಹತ್ರನೋ ಬರ್ತಾರೆ.